ದಕ್ಕದ ಹಾಲು

ಅಮ್ಮಾ, ನೀನು ಕಾಣದೇ ಹೋದ ಮೊಮ್ಮಗನಿಗೆ ಇವತ್ತು ಬೆಳಿಗ್ಗೆ ಆಪರೇಷನ್ ಆಯಿತು.

ವಾರದಿಂದ ಕುಡಿದ ಹಾಲನ್ನೆಲ್ಲ ಚಿಮ್ಮಿದಂತೆ ಕಕ್ಕುತ್ತಿದ್ದ. ಹೊಟ್ಟೆಯಿಂದ ಕರುಳಿಗೆ ಇಳಿಯುವ ದಾರಿ ದಪ್ಪಗಾಗಿ ಮುಚ್ಚಿಕೊಂಡಿದೆ, ಕೊಯ್ದು ಬಿಡಿಸಬೇಕು ಎಂದರು ಡಾಕ್ಟರು. ಅಲ್ಲಿಯವರೆಗೆ ಒಂದು ತೊಟ್ಟೂ ಕೊಡುವಂತಿರಲಿಲ್ಲ. ಹಸಿದ ಕೂಸು ನನ್ನ ಎದೆಗೆ ಮುಖ ಉಜ್ಜಿ, ಹುಡುಕಿ ಹುಡುಕಿ ಅತ್ತಿತು.

"ನಿಮ್ಮ ವಾಸನೆಗೇ ಅಳ್ತಿದಾನೆ. ಅವರಪ್ಪನ ಕೈಗೆ ಕೊಟ್ಟು ನೀವು ಸ್ವಲ್ಪ ಹೊರಗೆ ನಿಂತ್ಕೊಳ್ಳಿ," ಎಂದಳು ನರ್ಸು.

ನಿಂತೆ. ಜನ್ಮದಲ್ಲಿ ಹಾಡದ ಇವರು ಒಳಗೆ ಏನೋ ಹಾಡುತ್ತಿದ್ದರು. ಅವನು ಅತ್ತಷ್ಟೂ ನನ್ನ ಬಟ್ಟೆ ಹಾಲಿನಿಂದ ತೊಯ್ಯುತ್ತಿತ್ತು.

ಸಂಜೆ ಚಮಚದಲ್ಲಿ ಕೊಟ್ಟ ಹಾಲು ಒಳಗೇ ಉಳಿಯಿತು. "ಮನೇಲಿ ಮುಂಚೆ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಡಾಕ್ಟರು ಕೇಳಿದರು.

ಹೀಗೇ ಹಾಲು ಕಕ್ಕಿ ಕಕ್ಕಿ ನಾನು ಹುಟ್ಟುವ ಮೊದಲೇ ಹೋದ ಅಣ್ಣನ ವಿಷಯ ಹೇಳಿದೆ, ಅಜ್ಜಿಯ ಮಾತನ್ನೂ ಹೇಳಿದೆ. "ಇವಳ ಹಾಲೇ ಕೆಟ್ಟದ್ದು, ಮಗೂಗೆ ದಕ್ಕಲಿಲ್ಲ," ಎಂದು ಅಜ್ಜಿ ಬಂದವರೆದುರಿಗೆಲ್ಲ ಆಡುತ್ತಿದ್ದಳು. ನೀನು ತಲೆ ಎತ್ತದೆ ಪಾತ್ರೆ ಉಜ್ಜುತ್ತಿದ್ದೆ.

"ಛೆ, ಇದಕ್ಕೂ ತಾಯಿ ಹಾಲಿಗೂ ಸಂಬಂಧವೇ ಇಲ್ಲಮ್ಮ," ಎಂದರು ಡಾಕ್ಟರು.

ಇನ್ನೊಂದು ಸಲ ಹೇಳಿ ಎಂದೆ. ನನಗೆ ಕೇಳಿಸಲಿಲ್ಲವೆಂದುಕೊಂಡು ಅವರು ಜೋರಾಗಿ ಹೇಳಿದರು.