ಮಕ್ಕಳೂ ನೋಡಬಹುದಾದ ದೆವ್ವ

ಮಾರ್ಚ್ ೧೪, ಶುಕ್ರವಾರ ಸಂಜೆ

ಮುದ್ದಿನ ಗುಂಡಿಗೆ,

ನಿನ್ನ ಸೂಜಿ ಅಕ್ಕನ ಆಶೀರ್ವಾದಗಳು. ಸೂಜಿ ಎಂದು ಬರೆದುಕೊಳ್ಳಲು ಈಗ ನನಗೇ ನಗು. ಹೊಲಿಗೆ ಹೊಲಿಯುತ್ತಿದ್ದ ನಮ್ಮಮ್ಮ ನಮಗೆ ಆ ಹೆಸರಿಟ್ಟಾಗ ನಾನು ಕಡ್ಡಿ, ನೀನು ದುಂಡಗೆ. ಈಗ ನೋಡಿದರೆ ಹೆಸರು ಅದಲುಬದಲು ಮಾಡಿಕೊಳ್ಳಬೇಕು. ಇರಲಿ, ನಾನು ಆರಾಮಾಗಿದ್ದೇನೆ. ನೀನೂ, ನಿನ್ನ ಯಜಮಾನರೂ, ನಿನ್ನ ಮಗಳು ಆ ಮೆಣಸಿನಕಾಯಿಯೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಎಷ್ಟು ಬೇಕಾದರೂ ಬೈದುಕೋ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಜನರ ಮೂಳೆ ಮುರಿಯುವವಳಿಗೆ ಬಿಡುವೆಲ್ಲಿ ಹೇಳು!

ಮೂಳೆ ಅಂದರೆ ಮೂಲಂಗಿ ಕಣೇ. ತರಕಾರಿಯವನು ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟ, "ಅಮ್ಮಾ, ಒಬ್ರೇ ಇರೋದು ಅಂತೀರಿ, ಇಷ್ಟೊಂದು ಮೂಲಂಗಿ ಏನ್ಮಾಡ್ತೀರಾ?" "ಮೈಕಿನ ಮುಂದೆ ಮುರೀತೀನಪ್ಪಾ" ಅಂದೆ. ಪಾಪ, ಅಂದಿನಿಂದ ನನಗೆ ಚೌಕಾಸಿಯೇ ಇಲ್ಲ, ಕೇಳಿದ ಬೆಲೆಗೆ ಕೊಟ್ಟು ಬೇಗ ಕಳಿಸುತ್ತಾನೆ.

ನನ್ನ ಕಷ್ಟ ನಿನಗೆ ಗೊತ್ತು. ದೆವ್ವದ ಸಿನಿಮಾಗಳಿಗೆ ಸದ್ದು ಮಾಡುತ್ತಲೇ ನನ್ನ ತಲೆ ನೆರೆಯಿತು, ಒಂದೊಂದರ ಮೇಲೂ 'ವಯಸ್ಕರಿಗೆ ಮಾತ್ರ' ಎಂಬ ಮುದ್ರೆ. ಹೋದ ರಜೆಯಲ್ಲಿ ನಿನ್ನ ಮಗಳು ನನ್ನ ಎತ್ತರದ ಚಪ್ಪಲಿ, ಕನ್ನಡಕ ಹಾಕಿಕೊಂಡು ಥಿಯೇಟರಿಗೆ ಬಂದದ್ದು ನೆನಪಿದೆಯಾ? ಗೇಟಿನವನು "ವಯಸ್ಸೆಷ್ಟು ಮೇಡಂ?" ಅಂತ ಕೇಳಿದ. ಇವಳು ಗಂಭೀರವಾಗಿ "ಮೂವತ್ತಾರು" ಅಂದಳು. ಬಾಯಿ ಬಿಟ್ಟದ್ದೇ ತಪ್ಪಾಯಿತು, ಮುಂದಿನ ಹಲ್ಲು ಬಿದ್ದು ಇನ್ನೂ ಹುಟ್ಟಿರಲಿಲ್ಲ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಮಾತ್ರ ಮನೆಗೆ ಬಂದು ಅತ್ತಳು. "ದೊಡ್ಡಮ್ಮಾ, ನೀನು ಮಾಡಿದ ಸದ್ದನ್ನ ನಾನು ಮುದುಕಿ ಆದ್ಮೇಲೆ ಕೇಳಬೇಕಾ?" ಅಂದಳು. ಮುಂದಿನ ಸಿನಿಮಾಕ್ಕೆ ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ ಅಂತ ಮಾತು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಆ ಮಾತು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ.

ಈ ಸಲದ ನಿರ್ದೇಶಕಿ ಚಿಕ್ಕ ವಯಸ್ಸಿನವಳು. ರಕ್ತ ಇಲ್ಲದೆ ಹೆದರಿಸಬೇಕು ಅನ್ನುವುದು ಅವಳ ಹಟ. ನಿರ್ಮಾಪಕರು ಒಪ್ಪಬೇಕಲ್ಲ! "ರಕ್ತ ಕುಡೀದೆ ಇರೋಕೆ ನಿಮ್ಮ ದೆವ್ವ ಏನು ಉಪವಾಸ ಮಾಡ್ತಿದೆಯಾ? 'ವಯಸ್ಕರಿಗೆ ಮಾತ್ರ' ಅಂತ ಪೋಸ್ಟರ್ ಮೇಲೆ ಬಿದ್ರೆ ಅರ್ಧ ಭಯ ಅಲ್ಲೇ ಹುಟ್ಟುತ್ತಮ್ಮಾ" ಅಂತ ಅವರ ವಾದ.

ನನಗೆ ಬಾಯಿ ಸುಮ್ಮನಿರುತ್ತದೆಯೇ? "ಅದು ದೆವ್ವದ ಭಯ ಅಲ್ಲ ಸಾರ್, ಗೇಟ್ ಕಾಯೋನ ಭಯ" ಅಂದೆ.

ಅವರು ಗುರ್ರೆಂದರು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು: ಸ್ಟುಡಿಯೋದ ಚಿಕ್ಕ ಹಾಲ್‌ನಲ್ಲಿ ನಮ್ಮವರನ್ನೇ ಕೂರಿಸಿ ರಕ್ತವಿಲ್ಲದ ಪ್ರತಿ ತೋರಿಸುವುದು. ಜನ ಹೆದರಿದರೆ ಸರಿ, ಇಲ್ಲದಿದ್ದರೆ ಮೊದಲೇ ಶೂಟ್ ಮಾಡಿಟ್ಟ, ರಕ್ತ ಹರಿಯುವ ಕೊಡಲಿಯೇಟಿನ ದೃಶ್ಯ ಒಳಗೆ, ಮೆಣಸಿನಕಾಯಿ ಹೊರಗೆ.

ದೃಶ್ಯ ಇಷ್ಟೇ. ಒಂದು ಹುಡುಗಿ ಓದುತ್ತ ಕೂತಿದ್ದಾಳೆ, ಪಕ್ಕದ ಕೋಣೆಯಲ್ಲಿ ಅವಳ ಅಜ್ಜಿ ಬಟ್ಟೆ ಹೊಲಿಯುತ್ತಿದ್ದಾಳೆ. ಆ ಸದ್ದಿಗೆ ನಮ್ಮ ಅಮ್ಮನ ಯಂತ್ರವನ್ನೇ ಅಟ್ಟದಿಂದ ಇಳಿಸಿ, ಎಣ್ಣೆ ಬಿಟ್ಟು ತುಳಿದೆ. ಇನ್ನೂ ಟಕಟಕ ಅನ್ನುತ್ತದೆ ಕಣೇ, ಹಳೇ ಗಟ್ಟಿ ಜೀವ! ಹುಡುಗಿ ಎದ್ದು ಆ ಕೋಣೆಯ ಬಾಗಿಲಿನವರೆಗೆ ನಡೆಯುವಷ್ಟೂ ಹೊತ್ತು ಯಂತ್ರದ ಸದ್ದು ಓಡುತ್ತಲೇ ಇರಬೇಕು, ಮೇಲೊಂದು ನರಳಾಟ, ಒಂದು ಕಿರುಚಾಟ. ಹಾಗಂತ ನಾನೇ ಹೊಂದಿಸಿಟ್ಟಿದ್ದೆ.

ಸಿನಿಮಾ ತೋರಿಸುವ ದಿನ ಬೆಳಗ್ಗೆ ಹುಡುಗಿಯ ಹೆಜ್ಜೆ ಸದ್ದು ಸರಿಮಾಡಲು ಉಳಿದ ಸದ್ದನ್ನೆಲ್ಲ ಆ ಜಾಗದಲ್ಲಿ ಕೇಳಿಸದಂತೆ ಮುಚ್ಚಿದೆ. ಅಷ್ಟರಲ್ಲಿ ಯಾರೋ ಕಾಫಿಗೆ ಕರೆದರು. ತೆರೆಯುವುದನ್ನು ಮರೆತೇಬಿಟ್ಟೆ! ಈ ಕೆಲಸದಲ್ಲಿ ಇಷ್ಟು ಪಳಗಿದವಳು, ಎಳೆಯರೂ ಮಾಡದ ತಪ್ಪು ಮಾಡಿದ್ದೆ.

ಮಧ್ಯಾಹ್ನ ಹಾಲ್ ತುಂಬಿತ್ತು. ಲೈಟಿನವರು, ಮೇಕಪ್‌ನವರು, ಅವರ ಮನೆಯವರು, ಎಲ್ಲರ ಕೈಯಲ್ಲೂ ಕಡಲೆಕಾಯಿ. ಮೊದಲರ್ಧ ನಗುತ್ತಲೇ ನೋಡಿದರು. ನಿರ್ಮಾಪಕರು ತಿರುಗಿ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು. ಆ ದೃಶ್ಯ ಬಂತು. ಟಕಟಕ, ಟಕಟಕ. ಹುಡುಗಿ ಎದ್ದಳು. ಯಂತ್ರ ನಿಂತುಹೋಯಿತು.

ನರಳಾಟವಿಲ್ಲ, ಕಿರುಚಾಟವಿಲ್ಲ. ಹುಡುಗಿಯ ಬರಿಗಾಲಿನ ಹೆಜ್ಜೆ, ಅಷ್ಟೇ. ಅಯ್ಯೋ ಕೆಟ್ಟೆನಲ್ಲಪ್ಪಾ ಅಂದುಕೊಂಡೆ. ಆದರೆ ಹಾಲ್‌ನಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತ್ತು. ನಿರ್ಮಾಪಕರು ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಿದ್ದರು. ಯಾರೋ ಹೆಂಗಸು ಕಿಟಾರನೆ ಕಿರುಚಿದ್ದೇ ತಡ, ಹಾಲ್‌ಗೆ ಹಾಲೇ ಕಿರುಚಿತು. ನಾನು ಮುಚ್ಚಿದ್ದ ಜಾಗ ಮುಗಿದು ಯಂತ್ರ ಮತ್ತೆ ಟಕಟಕ ಅಂದಾಗ ಎಲ್ಲರಿಗೂ ಹೋದ ಜೀವ ಬಂದಂತಾಯಿತು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ದೀಪ ಹತ್ತಿದ ಮೇಲೆ ನಿರ್ಮಾಪಕರು ಬೆವರು ಒರೆಸಿಕೊಳ್ಳುತ್ತ ಬಂದರು. "ಏನಮ್ಮಾ ಮಾಡಿದ್ರಿ ಅಲ್ಲಿ?"

"ಏನೂ ಮಾಡ್ಲಿಲ್ಲ ಸಾರ್, ಮರ್ತುಬಿಟ್ಟೆ."

"ಪುಣ್ಯಾತ್ಗಿತ್ತೀ, ಇನ್ಮೇಲೆ ಹೀಗೇ ಮರೀತಾ ಇರಿ!"

ಸರ್ಟಿಫಿಕೇಟ್ ಕೊಡುವವರೂ ನೋಡಿದರು. ಅವರಲ್ಲೊಬ್ಬ ಹಿರಿಯರು, "ಕತ್ತರಿ ಹಾಕೋಣ ಅಂದ್ರೆ ಅಲ್ಲಿ ಏನೂ ಇಲ್ವಲ್ರೀ! ಏನೂ ಇಲ್ದೇನೇ ನನ್ನ ಕೈಕಾಲು ತಣ್ಣಗಾಯ್ತು" ಅಂದರಂತೆ. ನಿನ್ನೆ ಕಾಗದ ಬಂತು: ದೊಡ್ಡವರ ಜೊತೆ ಮಕ್ಕಳೂ ನೋಡಬಹುದು! ನಿರ್ದೇಶಕಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಪಾಪ, ಅವಳ ಸೊಂಟ ಇನ್ನೂ ನೋಯುತ್ತಿದೆಯಂತೆ.

ಮುಂದಿನ ಭಾನುವಾರ ಮೊದಲ ಆಟಕ್ಕೆ ಮೂರು ಸೀಟು ಹೇಳಿಟ್ಟಿದ್ದೇನೆ. ನೆಪ ಹೇಳಬೇಡ, ಮಗಳನ್ನು ಕರೆದುಕೊಂಡು ಬಾ. ಅವಳಿಗೆ ಅವಳ ಚಪ್ಪಲಿಯನ್ನೇ ಹಾಕು. ಗೇಟಿನವನು ಕೇಳಿದರೆ ಎದೆಯುಬ್ಬಿಸಿ ನಿಜ ವಯಸ್ಸು ಹೇಳಲಿ. ಹೆದರಿಕೊಂಡರೆ ನನ್ನ ಮಡಿಲಿದೆ, ಈಗಂತೂ ಜಾಗ ಬೇಕಾದಷ್ಟಿದೆ.

ನೂರು ಕಾಲ ನಗುತ್ತ ಬಾಳಿ.

ನಿನ್ನ
ಸೂಜಿ ಅಕ್ಕ

ಮರೆತಿದ್ದೆ: ಹಾಲ್‌ನಲ್ಲಿ ಮೊದಲು ಕಿರುಚಿದ ಹೆಂಗಸು ನಾನೇ ಕಣೇ. ಕಿರುಚಿ, ಎದ್ದು, ಬಾಗಿಲಿಗೆ ಓಡಿದ್ದೆ. ಸದ್ದು ಮುಚ್ಚಿದವಳು ನಾನೇ ಅಂತ ಗೊತ್ತಿದ್ದೂ ಓಡಿದೆ. ಅಮ್ಮ ತೀರಿಹೋದ ಮಧ್ಯಾಹ್ನ ನಾವಿಬ್ಬರೂ ಶಾಲೆಯ ಲೆಕ್ಕ ಮಾಡುತ್ತ ಕೂತಿದ್ದೆವು. ಒಳಗೆ ಯಂತ್ರ ಅರ್ಧ ಹೊಲಿಗೆಗೇ ನಿಂತಿತು. "ಅಮ್ಮ ದಾರ ಬದಲಾಯಿಸ್ತಿದ್ದಾಳೆ" ಅಂದೆ ನೀನು. ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಅಂತ ಇಬ್ಬರೂ ಕಾದೆವು. ನಾನಿನ್ನೂ ಕಾಯುತ್ತಲೇ ಇದ್ದೆ ಅಂತ ಮೊನ್ನೆ ಆ ಹಾಲಿನಲ್ಲೇ ನನಗೆ ತಿಳಿದದ್ದು. ಭಾನುವಾರ ಆ ಜಾಗ ಬಂದಾಗ ಎದ್ದು ಹೋಗಬೇಡ ಗುಂಡಿ, ನನ್ನ ಕೈ ಹಿಡಿದುಕೊಂಡು ಕೂತಿರು. ಈ ಸಲ ಅದು ಮತ್ತೆ ಶುರುವಾಗುತ್ತದೆ.