ನೆಲಮಾಳಿಗೆಯ ತಿರುವಿನಲ್ಲಿ ಒಂದು ಕೂಗು

ನಮ್ಮ ವಸತಿ ಸಮುಚ್ಚಯದ ಮಾನ್ಯ ಕಾರ್ಯದರ್ಶಿಗಳೇ,

ಇಂದ್ರಮ್ಮನ ವಿರುದ್ಧದ ದೂರಿನಲ್ಲಿ ಮೊದಲ ಸಹಿ ನನ್ನದೇ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆಯೋಣ ಎಂದುಕೊಂಡಿದ್ದೆ. ಮೂರು ಸಲ ಹಾಗೆಯೇ ಬರೆದು ಹರಿದೆ.

ಮೈಸೂರಿನ ನಮ್ಮ ಕಟ್ಟಡವನ್ನು ಗುಡಿಸುವ ಇಂದ್ರಮ್ಮ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪ್ರತಿ ತಿರುವಿಗೂ ಮುಂಚೆ 'ಹೋಯ್' ಎಂದು ಕೂಗಿ ಎರಡು ಚಪ್ಪಾಳೆ ತಟ್ಟುತ್ತಾರೆ. ಇದರಿಂದ ನಿವಾಸಿಗಳ ನೆಮ್ಮದಿ ಕೆಟ್ಟಿದೆ, ಅವರು ನಗರದ ಶಿಸ್ತಿಗೆ ಹೊಂದಿಕೊಂಡಿಲ್ಲ, ಆದ್ದರಿಂದ ಅಕ್ಟೋಬರ್ 31ಕ್ಕೆ ಕೆಲಸ ಮುಗಿಯಿತು ಎಂದು ತಾವು ನೋಟಿಸ್ ಕೊಟ್ಟಿದ್ದೀರಿ. ಕಾರಿನ ಅಲಾರಂಗಳು ಗಂಟೆಗಟ್ಟಲೆ ಅರಚಿದಾಗ ಕೆಡದ ನೆಮ್ಮದಿ ಎರಡು ಚಪ್ಪಾಳೆಗೆ ಕೆಟ್ಟಿತು. ಎಷ್ಟು ಸೂಕ್ಷ್ಮವಾದದ್ದು ನೋಡಿ.

ಆ ಕೂಗು ಏನೆಂದು ತಾವು ಕೇಳಲಿಲ್ಲ. ನಾನು ಕೇಳಬೇಕಾಗಿಯೇ ಇರಲಿಲ್ಲ. ಇಂದ್ರಮ್ಮ ಯಸಳೂರಿನ ಕಡೆಯ ಕಾಫಿ ಎಸ್ಟೇಟಿನ ಲೈನ್‌ನವರು, ಕೂಲಿಯವರ ಸಾಲುಮನೆಗಳಲ್ಲಿ ಬೆಳೆದವರು. ನಾನು ಅದೇ ಸೀಮೆಯ ದೋಣಿಗಲ್‌ನಲ್ಲಿ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರ್ ಮಗಳು. ಅಲ್ಲಿ ಕಾಫಿ ಗಿಡಗಳ ನಡುವೆ ಓಡಾಡುವಾಗ ಎಲ್ಲರೂ ಕೂಗುತ್ತಾರೆ, ಮುಂದೆ ಆನೆ ನಿಂತಿದ್ದರೆ ನಾವು ಬರುವುದು ಅದಕ್ಕೆ ತಿಳಿಯಲಿ ಎಂದು. ಇಂಗ್ಲಿಷ್ ಶಾಲೆಯ ಹಾಸ್ಟೆಲ್ ಸೇರಿದ ಮೊದಲ ವಾರ ನಾನೂ ಒಂದು ತಿರುವಿನಲ್ಲಿ ಕೂಗಿದ್ದೆ. ಮೂವತ್ತು ಹುಡುಗಿಯರು ನಕ್ಕರು. ಆಮೇಲೆ ಕೂಗಲಿಲ್ಲ. ಹೊಂದಿಕೊಳ್ಳುವುದು ಎಂದರೆ ಇಷ್ಟೇ ಇರಬಹುದೆ? ದೂರಿನ ಹಾಳೆ ಬಂದಾಗ, ಈ ಕೂಗು ಎಲ್ಲಿಯದೆಂದು ಯಾರಾದರೂ ನನ್ನನ್ನು ಕೇಳಿಬಿಟ್ಟರೆ ಎಂಬ ಅಳುಕಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ.

ನೋಟಿಸ್ ಬಂದ ದಿನ ಕೇಳಿದೆ, "ಇಲ್ಲಿ ಆನೆ ಎಲ್ಲಿದೆ ಇಂದ್ರಮ್ಮ?"

"ಇಲ್ಲ ಅಂತ ನಂಗೂ ಗೊತ್ತೈತೆ ಕಣಮ್ಮ. ಆ ಬ್ಯಾಟರಿ ಸ್ಕೂಟರ್‌ಗಳು ಅವಲ್ಲ, ಸದ್ದೇ ಇಲ್ದಂಗೆ ಮೈಮೇಲೆ ಬಂದ್ಬುಡ್ತವೆ. ಆನೆಗಾದ್ರೆ ವಾಸ್ನೆ ಐತೆ, ಸೊಪ್ಪು ಮುರಿಯೋ ಸದ್ದೈತೆ. ಇವಕ್ಕೆ ಅದೂ ಇಲ್ಲ." ಪೊರಕೆಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಸೇರಿಸಿದರು: "ನಿಮ್ಮ ಸೆಕ್ರೆಟರಿ ಸ್ಕೂಟರೇ ಎರಡು ಸಲ ನನ್ ಸೆರಗು ಸವರ್ಕೊಂಡು ಹೋಗೈತೆ. ಆನೆ ಆಗಿದ್ರೆ ಒಂದ್ಸಲ ನಿಂತಾದ್ರೂ ನೋಡೋದು."

ಕಳೆದ ಡಿಸೆಂಬರ್‌ನಲ್ಲಿ ತಾವು ನಮ್ಮ ಕಡೆಯ ಹೊಂಗಡಹಳ್ಳದ ಹೋಂಸ್ಟೇಗೆ ಹೋಗಿದ್ದಿರಿ. ಅಲ್ಲಿಯವರು ಹೇಳಿಕೊಟ್ಟಂತೆ ಪ್ರತಿ ತಿರುವಿನಲ್ಲೂ ಕೂಗಿ, ಚಪ್ಪಾಳೆ ತಟ್ಟುತ್ತಾ ನಡೆದ ವಿಡಿಯೊವನ್ನು ನಮ್ಮ ವಾಟ್ಸಾಪ್ ಗುಂಪಿಗೆ ತಾವೇ ಹಾಕಿದಿರಿ. ನಲವತ್ತೊಂದು ಮಂದಿ ಮೆಚ್ಚಿದರು, ನಾನೂ ಸೇರಿ. ತಾವು ಕಾಡಿಗೆ ಹೊಂದಿಕೊಂಡದ್ದು ಸಾಹಸವಾಯಿತು. ಇಂದ್ರಮ್ಮ ನೆಲಮಾಳಿಗೆಗೆ ಹೊಂದಿಕೊಂಡದ್ದು ಅಶಿಸ್ತಾಯಿತು. ಆನೆಗಳು ತಮಗೆ ನೋಟಿಸ್ ಕೊಟ್ಟ ಸುದ್ದಿಯಂತೂ ನಮ್ಮ ಕಡೆಯಿಂದ ಇನ್ನೂ ಬಂದಿಲ್ಲ.

ಆ ನೋಟಿಸ್ ಹಿಂದಕ್ಕೆ ಪಡೆಯಿರಿ. ತಿರುವುಗಳಿಗೆ ಉಬ್ಬುಗನ್ನಡಿ ಹಾಕಿಸಿ. ಅಲ್ಲಿಯವರೆಗೆ ಸ್ಕೂಟರ್ ತಿರುಗಿಸುವ ಮುನ್ನ ತಾವೂ ಒಮ್ಮೆ ಕೂಗಿ; ಹೇಗಿದ್ದರೂ ಅಭ್ಯಾಸವಿದೆ. ದೂರಿನಿಂದ ನನ್ನ ಸಹಿಯನ್ನು ಹೊಡೆದುಹಾಕಿ.

ಮೊದಲ ಸಹಿ ಯಾರದ್ದೆಂದು ಇಂದ್ರಮ್ಮನಿಗೆ ಇನ್ನೂ ಗೊತ್ತಿಲ್ಲ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅದರಲ್ಲಿ ಬಂದ ಮೇಲೆ ಅವರಿಗೆ ಬೇರೆಯವರಿಂದ ತಿಳಿಯುವುದು ಬೇಡ. ಭಾನುವಾರ ಅವರೆದುರು ಕೂತು ಇದನ್ನು ಓದಿ ಹೇಳುತ್ತೇನೆ. ಅವರು ಏನಂದರೂ ಪತ್ರ ನಿಲ್ಲುವುದಿಲ್ಲ.

ಇಂತಿ,
ತಿರುವಿನಲ್ಲಿ ಸದ್ದು ಮಾಡದೆ ಬಂದ ಇನ್ನೊಬ್ಬಳು,
ಮಂಜುಶ್ರೀ, ಮೂರನೇ ಮಹಡಿ

ಅಂಚೆಗೆ ಹಾಕುವ ದಿನ: ಸೋಮವಾರ, 27 ಅಕ್ಟೋಬರ್ 2025