ಒಂದು ದಿನದ ಗೇಟು

ಜನವರಿ ೯, ಶುಕ್ರವಾರ

ಬೆಳಿಗ್ಗೆಯಿಂದ ಕರೆಂಟಿಲ್ಲ. ಬಂದಾಗ ಹನ್ನೊಂದು. ಅಷ್ಟರಲ್ಲಿ ಅಂಗಡಿ ಮುಂದೆ ಪಿಂಚಣಿಯವರು, ಸ್ಕಾಲರ್‌ಶಿಪ್‌ನವರು, ಆಧಾರಿಗೆ ಮೊಬೈಲ್ ಜೋಡಿಸುವವರು. ಎಲ್ಲರಿಗೂ ತಾವೇ ಮೊದಲಾಗಬೇಕು. ಪಕ್ಕದ ಬಳೆ ಅಂಗಡಿಯ ಅನ್ವರಬಿ ಖಾಲಾ ಎದ್ದು ಬಂದು ಸಾಲು ಹಚ್ಚಿದಳು. "ಲೈನಿಗಿ ನಿಂದರ್ರಿ! ಇದೇನ್ ಬಿರ್ಯಾನಿ ಹಂಚಾಕತ್ತಾರೇನು?" ಆಕೆ ಬೈದರೆ ಜನ ಕೇಳುತ್ತಾರೆ. ನಾನು ಬೈದರೆ ಬೇರೆ ಅಂಗಡಿಗೆ ಹೋಗುತ್ತಾರೆ. ಶಹಾಪುರದಲ್ಲಿ ಆನ್‌ಲೈನ್ ಸೆಂಟರಿಗೇನು ಬರ.

ಮಧ್ಯಾಹ್ನ ಕಾಲೇಜಿನವರು ಬಂದು, ಜಾನಪದ ಸಂಜೆಯ ಪಾಸು ಯಾವಾಗ ಬಿಡುತ್ತಾರೆ ಎಂದು ಕೇಳಿದರು. ನನಗೆ ಗೊತ್ತೇ ಇರಲಿಲ್ಲ. ಅವರೇ ಫೋನಿನಲ್ಲಿ ತೋರಿಸಿದರು. ಯಾದಗಿರಿಯ ಅದೇ ಮೈದಾನ. ಅದೇ ಸಮಿತಿ. ಫೆಬ್ರುವರಿ ಎಂಟು, ಭಾನುವಾರ. ಪ್ರವೇಶ ಉಚಿತ, ಆನ್‌ಲೈನ್ ಪಾಸ್ ಕಡ್ಡಾಯ, ಒಂದು ಮೊಬೈಲ್ ನಂಬರಿಗೆ ಒಂದೇ ಪಾಸ್. ಕೆಳಗೆ ಸಣ್ಣ ಅಕ್ಷರದಲ್ಲಿ — ಕಳೆದ ವರ್ಷದ ಅಹಿತಕರ ಘಟನೆಯ ಹಿನ್ನೆಲೆಯಲ್ಲಿ.

ಅಹಿತಕರ ಘಟನೆ... ನನ್ನ ಗಂಡನಿಗೆ ಇಟ್ಟ ಹೆಸರು. ಗೇಟಿನ ನೂಕುನುಗ್ಗಲಿನಲ್ಲಿ ಸತ್ತವನು ಸಂಜುಕುಮಾರ ಎಂದು ಬರೆದಿದ್ದರೆ ಜಾಗ ಸಾಲುತ್ತಿರಲಿಲ್ಲವೇ? ಬಾಯಲ್ಲಿ ಅವರ ಹೆಸರು ಹೇಳುವ ರೂಢಿ ನನಗಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಕಲಿ. ಪಾಸು ತೆಗೆದುಕೊಡುವವಳು ನಾನೇ ತಾನೇ. ಬುಕಿಂಗ್ ಇಪ್ಪತ್ತೆಂಟಕ್ಕೆ ಎಂದು ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದೆ.

ಜನವರಿ ೧೬

ಸಂಕ್ರಮಣ ನಿನ್ನೆ ಮುಗಿಯಿತು. ನಮಗೆ ಹಬ್ಬವಿಲ್ಲ, ವರ್ಷ ತುಂಬಬೇಕು. ಖಾಲಾ ಮಾತ್ರ ಎಳ್ಳುಂಡಿ ಡಬ್ಬಿ ಇಟ್ಟು ಹೋದಳು. ಯಾರ ಹಬ್ಬ, ಯಾರು ಕೊಡುವುದು!

ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ಜ್ಯೋತಿ, ಆ ಹಾಡಿನ ಕಾರ್ಯಕ್ರಮಕ್ಕ ನನಗೊಂದು ಪಾಸ್ ತಗಿ."

"ನಿಮಗ್ಯಾಕ್ರಿ ಅತ್ತಿ?"

"ನನ್ನ ಮಗ ಹೋದ ಜಾಗಾ ನೋಡಬೇಕು."

ಅವತ್ತು ನಮ್ಮನ್ನು ನೇರ ಆಸ್ಪತ್ರೆಗೆ ಕರೆದೊಯ್ದಿದ್ದರು. ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದರು. ಅಲ್ಲಿಂದ ನಮ್ಮೂರು ಬಳಿಚಕ್ರಕ್ಕೆ, ಮಣ್ಣಿಗೆ.

"ಆಸ್ಪತ್ರಿಯವರು ಕೊಟ್ಟರು, ನಾವು ತಗೊಂಡ್ವಿ," ಅಂದರು ಅತ್ತೆ. "ಎಲ್ಲಿ ಬಿದ್ದ, ಯಾವ ಕಡಿ ಮಾರಿ ಮಾಡಿದ್ದ... ಹಡದಾಕಿಗಿ ಏನೂ ತಿಳೀಲಿಲ್ಲ ನೋಡವ್ವ."

ಅದಕ್ಕೆ ಪಾಸು ಯಾಕೆ, ಮೈದಾನ ಬಯಲೇ ಇದೆ, ಭಾನುವಾರ ಕರೆದುಕೊಂಡು ಹೋಗುತ್ತೇನೆ ಅಂದೆ. ಆ ಜನರ ನಡುವೆ, ಆ ಹಾಡಿನ ನಡುವೆ ಅತ್ತೆಯನ್ನು ನಿಲ್ಲಿಸುವುದು ನನ್ನಿಂದ ಆಗದು.

ಜನವರಿ ೧೮, ಭಾನುವಾರ

ಹೋಗಿ ಬಂದೆವು. ಆಧಾರ್ ತೋರಿಸಿ ಬಸ್ಸಿನಲ್ಲಿ. ಭೀಮಾ ಸೇತುವೆ ಬಂದಾಗ ಅತ್ತೆ ಎಂದಿನಂತೆ ಹೊಳೆಗೆ ಕೈ ಮುಗಿದರು.

ಮೈದಾನದಲ್ಲಿ ಏನೂ ಇಲ್ಲ. ಒಣ ಹುಲ್ಲು, ಜಾಲಿ ಗಿಡ, ಒಂದು ಕಡೆ ಕ್ರಿಕೆಟ್. ಅತ್ತೆ ಒಂದು ಸುತ್ತು ಬಂದರು.

"ಗೇಟ್ ಎಲ್ಲಿ ಅದ?"

"ಗೇಟ್ ಕಾರ್ಯಕ್ರಮದ ದಿನ ಅಷ್ಟ ಹಾಕ್ತಾರ್ರಿ. ಮರುದಿನ ಬಿಚ್ಚಿಕೊಂಡು ಹೋಗ್ತಾರ."

ಇದು ನನಗೂ ಮೊದಲು ಹೊಳೆದಿರಲಿಲ್ಲ. ಕ್ರಿಕೆಟ್ ಆಡುವವರನ್ನು ಕೇಳಿದರೆ ಒಬ್ಬ ರೋಡಿನ ಕಡೆ ಕೈ ಮಾಡಿದ, ಇನ್ನೊಬ್ಬ ಟ್ಯಾಂಕಿನ ಕಡೆ. ಅತ್ತೆ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ಒಂದು ಕಡೆ ಕೂತು ಅತ್ತುಬಿಡಬೇಕೆಂದೇ ಬಂದಿದ್ದರು, ನನಗೆ ಗೊತ್ತು. ಎಲ್ಲಿ ಕೂರಬೇಕು ಎಂದೇ ತಿಳಿಯದೆ ಅಳಲಿಲ್ಲ. ಒಂದು ವರ್ಷದಿಂದ ಹೀಗೇ, ಅವರು ಅತ್ತದ್ದೇ ಇಲ್ಲ.

ಬಸ್ಸಿನಲ್ಲಿ ಒಂದೇ ಮಾತು. "ಗೇಟ್ ಹಾಕಿದ ದಿನಾನ ಬರಬೇಕು, ಜ್ಯೋತಿ."

ಆಗಲಿ ಅಂದೆ.

ಜನವರಿ ೨೮

ಹತ್ತಕ್ಕೆ ಬುಕಿಂಗ್. ಒಂಬತ್ತಕ್ಕೇ ಅಂಗಡಿ ತುಂಬಿತು. ಅತ್ತೆಯ ಹತ್ತಿರ ಫೋನಿಲ್ಲ, ನನ್ನ ನಂಬರಿಗೆ ಅವರ ಪಾಸು ಮೊದಲು ತೆಗೆಯುವುದೆಂದು ನಿನ್ನೆಯೇ ನಿಶ್ಚಯ ಮಾಡಿದ್ದೆ. ಹತ್ತಾಯಿತು. ಸರ್ವರ್ ತಿರುಗುತ್ತಿದೆ... ತಿರುಗುತ್ತಿದೆ. ಹಿಂದೆ ಜನರ ಗಲಾಟೆ. ಕುರ್ಚಿಯಲ್ಲಿ ಒಬ್ಬ ಅಜ್ಜ ಬಂದು ಕೂತಿದ್ದ. ಪೇಜು ತೆರೆದದ್ದೂ ಅವನು "ನನ್ನ ಬಲ್ಲಿ ಫೋನಿಲ್ಲ ಯವ್ವಾ" ಅಂದದ್ದೂ ಒಟ್ಟಿಗೆ.

ಕೈ ರೂಢಿ. ಫೋನಿಲ್ಲದವರು ಬಂದರೆ ನನ್ನ ನಂಬರನ್ನೇ ಹಾಕುತ್ತೇನೆ — ಪಿಂಚಣಿಗೂ, ಗ್ಯಾಸಿಗೂ. ಅರ್ಧ ಓಣಿಯ ಓಟಿಪಿ ನನ್ನ ಫೋನಿಗೇ ಬೀಳುತ್ತದೆ. ಬೆರಳು ತಾನೇ ಒತ್ತಿಬಿಟ್ಟಿತು. ಅಜ್ಜನ ಪಾಸು ಬಂತು. ಕೈ ಮುಗಿದು ಹೋದ. ಆಮೇಲೆ ನೆನಪಾಯಿತು. ಅತ್ತೆಯ ಹೆಸರು ಹಾಕಿದೆ — ಈ ನಂಬರಿನ ಮಿತಿ ಮುಗಿದಿದೆ.

ಖಾಲಾನ ನಂಬರ್ ಕೇಳಿದೆ. ಅಳಿಯ ಆಗಲೇ ಬಳಸಿದ್ದಾನೆ. ಪಾಸುಗಳು ಕರಗುತ್ತಿವೆ, ಪರದೆ ಮೇಲೆ ಕಾಣುತ್ತಿದೆ. ಅಂಗಡಿ ಹಿಂದಿನ ನಮ್ಮ ಮನೆಗೆ ಓಡಿದೆ. ಕಪಾಟಿನಲ್ಲಿ ಸಂಜು ಫೋನು. ಅದರ ಸಿಮ್ ಸಾಯಲು ಬಿಟ್ಟಿಲ್ಲ, ಬ್ಯಾಂಕು, ಪರಿಹಾರದ ಕಾಗದ ಎಲ್ಲಾ ಅದೇ ನಂಬರಿಗೆ. ಓಟಿಪಿ ಬಂತು. ಹಾಕಿದೆ.

"ಮರಳಿ ಸ್ವಾಗತ, ಸಂಜುಕುಮಾರ."

ಹೈದರಾಬಾದಿನ ಮ್ಯಾಚಿಗೆ ಟಿಕೆಟ್ ಮಾಡಲು ಇದೇ ಆ್ಯಪಿನಲ್ಲಿ ಯಾವಾಗಲೋ ಖಾತೆ ತೆರೆದಿದ್ದರು. ಕೂಲಿಂಗ್ ಗ್ಲಾಸಿನ ಫೋಟೊ. ಹೆಸರು ತಾನೇ ತುಂಬಿಕೊಂಡಿದೆ, ಬದಲಿಸಲು ಹೋದರೆ ಇಪ್ಪತ್ನಾಲ್ಕು ಗಂಟೆ ಕಾಯಿರಿ ಅನ್ನುತ್ತದೆ. ಒತ್ತಿದೆ. ಪಾಸು ಬಂತು. ಸಂಜುಕುಮಾರ, ಪುರುಷ, ಗೇಟ್ ಎರಡು. ಸ್ವಲ್ಪ ಹೊತ್ತಿಗೆ ಎಲ್ಲಾ ಪಾಸು ಖಾಲಿ.

ಯಾರು ನೋಡುತ್ತಾರೆ? ನನ್ನ ಆಧಾರನ್ನು ಕಂಡಕ್ಟರ್ ತಲೆಕೆಳಗಾಗಿ ಹಿಡಿದು ಟಿಕೆಟ್ ಹರಿಯುತ್ತಾನೆ. ಮಗನ ಪಾಸಿನಲ್ಲಿ ತಾಯಿ ಹೋದರೆ ಯಾರಿಗೇನು.

"ಸಿಕ್ತೇನವ್ವಾ?"

"ಸಿಕ್ತ್ರಿ ಅತ್ತಿ."

ಯಾರ ಹೆಸರಿಗೆ ಎಂದು ಹೇಳಲಿಲ್ಲ. ಅವರಿಗೆ ಓದಲು ಬರುವುದಿಲ್ಲ. ಫೋನು ಇಸಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತುಬಿಟ್ಟೆ. ಬಿಟ್ಟ ನಳ ನಿಲ್ಲಿಸುವುದನ್ನೇ ಮರೆತಿದ್ದೆ.

ಫೆಬ್ರುವರಿ ೫

ಭೀಮಾಶಂಕರ ಬಂದಿದ್ದ. ಸಂಜು ಗೆಳೆಯ. ಅವತ್ತು ಜೊತೆಗಿದ್ದವನು. ತಿಥಿಯ ಮೇಲೆ ಈ ಕಡೆ ಮುಖ ಹಾಕಿರಲಿಲ್ಲ. ಹೊಸ್ತಿಲಾಚೆಯೇ ನಿಂತ.

"ವೈನಿ, ಗೇಟ್ ಹಾಕಾಕತ್ತಾರ. ಎರಡನೇ ನಂಬರಿಂದು... ಅದೇ ಜಾಗಾರಿ. ಅವ್ವ ಬರ್ತಾಳಂತ ಖಾಲಾ ಅಂದಳು. ನಾ ತೋರಸ್ತೀನಿ."

"ಒಳಗ ಬಾ, ಚಹಾ ಕುಡಿ."

ಬರಲಿಲ್ಲ. ನಿಂತಲ್ಲೇ ಅಂದ, "ಅವ ಪೂರಾ ಒಳಗ ಹೋಗಿದ್ದ, ವೈನಿ. ಗೇಟ್ ದಾಟಿದ್ದ. ನಾ ಬಿದ್ದೆ. ನನ್ನ ಎಬ್ಬಸಾಕ ಹೊಳ್ಳಿ ಬಂದ. ನನ್ನ ಎಬ್ಬಿಸಿ ಹೊರಗ ದಬ್ಬಿದ... ತಾ ಬರಲಿಲ್ಲ."

ಒಂದು ವರ್ಷ ಈ ಮಾತು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾನೆ. ನನಗೆ ಮೊದಲು ಬಂದದ್ದು ಸಿಟ್ಟು. ಇವನು ಬೀಳದಿದ್ದರೆ? ಆಮೇಲೆ ಅವನ ಮುಖ ನೋಡಿದೆ. ಅರ್ಧಕ್ಕರ್ಧ ಇಳಿದುಹೋಗಿದ್ದಾನೆ. ಸಂಜು ಸ್ವಭಾವವೇ ಅದು, ಬಿದ್ದವರನ್ನು ಬಿಟ್ಟು ಬರುವವರಲ್ಲ. ಹಾಗೆಂದು ಸಮಾಧಾನವೂ ಆಗುವುದಿಲ್ಲ. ಬೇರೆಯವರನ್ನು ಬಿಟ್ಟು ಬರಲಿಲ್ಲ, ನಮ್ಮನ್ನು ಬಿಟ್ಟು ಹೋದರು.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾರೆ. ಕೇಳಿಲ್ಲ ಎಂಬಂತೆ ಅಕ್ಕಿ ಆರಿಸುತ್ತಿದ್ದರು.

ಫೆಬ್ರುವರಿ ೮, ಬೆಳಿಗ್ಗೆ

ಅತ್ತೆ ಎದ್ದು ತಲೆಗೆ ನೀರು ಹಾಕಿಕೊಂಡರು. ಹಳೆಯ ಇಳಕಲ್ ಸೀರೆ. ಪದರಿನಲ್ಲಿ ಚೆಂಡುಹೂ ಕಟ್ಟಿಕೊಂಡಿದ್ದಾರೆ. ಸಂಜು ಫೋನು ಫುಲ್ ಚಾರ್ಜ್. ನೆಟ್ ಸಿಗುವುದಿಲ್ಲವೆಂದು ಪಾಸಿನ ಫೋಟೊ ಇಟ್ಟುಕೊಂಡೆ. ನನಗೆ ಪಾಸಿಲ್ಲ. ಗೇಟಿನ ತನಕ ಹೋಗುತ್ತೇನೆ. ಬಸ್ ಎರಡಕ್ಕೆ.

ಫೆಬ್ರುವರಿ ೯

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಅಂಗಡಿ ತೆರೆದಿಲ್ಲ.

ಮೈದಾನದ ಗುರುತೇ ಸಿಗಲಿಲ್ಲ. ಕಟ್ಟಿಗೆ ಕಂಬ ನೆಟ್ಟು, ಹಗ್ಗ ಬಿಗಿದು, ಸಾಲನ್ನು ಸುತ್ತಿ ಸುತ್ತಿ ಒಳಗೆ ಬಿಡುತ್ತಿದ್ದಾರೆ. ನಡುನಡುವೆ ನೀರಿನ ಕ್ಯಾನು. ಯಾರೂ ನೂಕುತ್ತಿಲ್ಲ. ಫೋನು ತೋರಿಸು, ಟಿಕ್ ಅನಿಸು, ಹೋಗು. ಬಿಸಿಲಿನಲ್ಲೂ ಜನ ನಗುತ್ತಿದ್ದರು. ಅದನ್ನು ನೋಡಿ ನನಗೆ ಉರಿಯಿತು. ಇಷ್ಟೇ ಬೇಕಿತ್ತೇ? ಒಂದಿಷ್ಟು ಕಟ್ಟಿಗೆ, ಹಗ್ಗ, ನಾಲ್ಕು ಫೋನು? ಹೋದ ವರ್ಷ ಇದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆಯಲು ನನ್ನ ಗಂಡ ಬೇಕಾಯಿತು.

ಭೀಮಾಶಂಕರ ಗೇಟಿನ ಬಳಿ ಕಾದಿದ್ದ. ಕೈ ಮಾಡಿ ತೋರಿಸಿದ. "ಅಲ್ಲಿ ಅವ್ವಾ, ಒಳಗ, ಆ ಎಡಗಡಿ ಕಂಬದ ಹಿಂದ."

ಕಾಣುವಷ್ಟು ಹತ್ತಿರ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಪದರಿನ ಗಂಟು ಬಿಚ್ಚಿ ಹೂವು ಕೈಗೆ ತೆಗೆದುಕೊಂಡರು. ಗೇಟಿನ ಹುಡುಗಿಗೆ ನಾನು ಫೋನು ಕೊಟ್ಟೆ. ಅವಳು ಪಾಸು ನೋಡಿ ಗಟ್ಟಿಯಾಗಿ ಓದಿದಳು.

"ಸಂಜುಕುಮಾರ... ಸಂಜುಕುಮಾರ ಎಲ್ಲಿ ಅದಾರ್ರಿ? ಅವರೇ ಬರಬೇಕು."

ಅತ್ತೆ ತಟ್ಟನೆ ಹಿಂದೆ ತಿರುಗಿ ನೋಡಿದರು. ಒಂದು ಗಳಿಗೆ, ಒಂದೇ ಗಳಿಗೆ, ಅವರ ಮುಖದಲ್ಲಿ ಮಗ ಸಾಲಿನಲ್ಲಿ ಬರುತ್ತಿದ್ದ. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ.

"ಅವರ ನಂಬರಿಗಿ ತಗದದ್ರಿ ಅತ್ತಿ, ನನ್ನ ನಂಬರ್ ಮುಗದಿತ್ತು..." ಅಂದೆ. ಹುಡುಗಿಗೂ ಹೇಳಿದೆ, "ಇವರ ಮಗ. ಹೋದ ವರ್ಷ ಇಲ್ಲೇ..." ಮುಂದೆ ಹೇಳಬೇಕಾಗಲಿಲ್ಲ. ಅವಳು ಸಮಿತಿಯ ಹಿರಿಯನೊಬ್ಬನನ್ನು ಕರೆದಳು. ಅವನು ಓಡಿ ಬಂದು ಕೈ ಮುಗಿದ. "ಇಬ್ಬರೂ ಒಳಗ ಹೋಗ್ರಿ ಅವ್ವಾರ, ಯಾರೂ ಕೇಳಾಂಗಿಲ್ಲ. ಆ ಪಾಸ್ ಒಂದು ಸ್ಕ್ಯಾನ್ ಮಾಡ್ಲಿ."

ಅತ್ತೆ ಆ ಹುಡುಗಿಯನ್ನು ಕೇಳಿದರು, "ಅದು ಮಾಡಿದ್ರ ಏನಾಗ್ತದವ್ವಾ?"

"ಸಂಜುಕುಮಾರ ಒಳಗ ಬಂದಾರ ಅಂತ ಬರ್ತದ್ರಿ."

"ಹೊರಗ ಹೋಗಾಗ?"

"ಹೊರಗ ಹೋಗಾಗ ಏನಿಲ್ರಿ. ಒಳಗ ಬರೋರ್ನ ಅಷ್ಟ ಎಣಸ್ತೀವಿ."

ಅತ್ತೆ ಕುರಿ ಮಂದೆಯಲ್ಲಿ ಬೆಳೆದವರು. ಸಂಜೆ ದೊಡ್ಡಿ ಹೊಕ್ಕ ಕುರಿಯನ್ನು ಬೆಳಿಗ್ಗೆ ಹೊರಬಿಡುವಾಗಲೂ ಎಣಿಸಬೇಕು, ಒಂದು ಕಡಿಮೆ ಬಿದ್ದರೆ ಯಾರಿಗೂ ತುತ್ತು ಇಳಿಯುವುದಿಲ್ಲ. ಅವರು ಹುಡುಗಿಯ ಕೈಯಿಂದ ಫೋನು ತೆಗೆದುಕೊಂಡು ಪದರಿನಲ್ಲಿ ಸುತ್ತಿದರು.

"ಬ್ಯಾಡವ್ವಾ. ಒಮ್ಮಿ ಒಳಗ ಹೋಗಿ ಹೊರಗ ಬರಲಿಲ್ಲ ನನ್ನ ಮಗ. ನನ್ನ ಕೈಯಾರ ಮತ್ತ ಒಳಗ ಕಳಸಾಂಗಿಲ್ಲ ನಾ."

ಸ್ಕ್ಯಾನ್ ಬೇಡ, ಹಾಗೇ ಹೋಗಿ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಕೇಳಲಿಲ್ಲ. ಹೂವನ್ನು ಭೀಮಾಶಂಕರನ ಕೈಯಲ್ಲಿಟ್ಟರು.

"ನಿನ್ನ ಬಲ್ಲಿ ಪಾಸ್ ಅದ ಅಲ್ಲಾ? ನೀ ಹೋಗು. ಅಲ್ಲಿಟ್ಟು ಲಗೂನ ಬಾ. ನೀ ಬರೋತನಕ ನಾ ಇಲ್ಲೇ ನಿಂತಿರ್ತೀನಿ."

ಅವನು ಹೋದ. ಕಂಬದ ಹಿಂದೆ ಮರೆಯಾದ. ಒಳಗೆ ಡೊಳ್ಳು ಶುರುವಾಯಿತು, ಜನ ಹೋ ಅಂದರು. ಅತ್ತೆ ಹಗ್ಗ ಹಿಡಿದುಕೊಂಡು ಕಣ್ಣು ಮಿಟುಕಿಸದೆ ಗೇಟಿನ ಕಡೆಯೇ ನೋಡುತ್ತಿದ್ದರು. ಬರುವವರ ಎದುರು ನೂಕಿಕೊಂಡು ಅವನು ಹೊರಗೆ ಬಂದಾಗ ಅವನ ಗದ್ದ ಹಿಡಿದರು. ಭುಜ ಮುಟ್ಟಿದರು. ತಲೆ ಮುಟ್ಟಿದರು.

"ಬಂದ್ಯಾ?"

"ಬಂದೆ ಅವ್ವಾ."

"ಬಂದ್ಯಾ ನನ್ನಪ್ಪಾ..."

ಅಲ್ಲೇ, ಅಷ್ಟು ಜನರ ನಡುವೆ, ಅವನನ್ನು ಹಿಡಿದುಕೊಂಡು ಅತ್ತರು. ವರ್ಷದ ಅಳು. ಸಾಲಿನವರು ಹಗ್ಗ ಎತ್ತಿ ಬೇರೆ ಕಡೆಯಿಂದ ದಾಟಿ ಹೋದರು.

ಫೆಬ್ರುವರಿ ೧೦

ಗೇಟು ಬಿಚ್ಚಿದರಂತೆ. ಭೀಮಾಶಂಕರ ಫೋನ್ ಮಾಡಿದ್ದ. ಅತ್ತೆ ಹೊಟ್ಟೆ ತುಂಬ ಉಂಡು ಮಲಗಿದ್ದಾರೆ.

ಸಂಜು ಫೋನಿಗೆ ಆ್ಯಪಿನಿಂದ ಮೆಸೇಜು. "ಸಂಜುಕುಮಾರ ಅವರೇ, ನಿಮ್ಮ ಪಾಸ್ ಬಳಕೆಯಾಗಿಲ್ಲ. ಕಾರಣ ತಿಳಿಸಿ." ಕೆಳಗೆ — ಅನಾರೋಗ್ಯ, ಬಸ್ ಸಿಗಲಿಲ್ಲ, ಇತರೆ. ತಿಳಿಸದಿದ್ದರೆ ಮುಂದಿನ ವರ್ಷ ಪಾಸ್ ಇಲ್ಲವಂತೆ. ಅಳಿಸಲು ಹೋದೆ. ಮನಸ್ಸಾಗಲಿಲ್ಲ. ಯಾರೋ ಕೇಳುತ್ತಿದ್ದಾರಲ್ಲ, ಹೇಳಿಯೇ ಬಿಡೋಣ ಅನಿಸಿತು. ಇತರೆ ಒತ್ತಿದೆ. ಬರೆಯಲು ಖಾಲಿ ಜಾಗ ಬಂತು. ಬರೆದೆ —

ಅವರು ಹೋದ ವರ್ಷವೇ ಒಳಗೆ ಬಂದವರು, ಇನ್ನೂ ಹೊರಗೆ ಬಂದಿಲ್ಲ.